ಯಾವ ಮಳೆ ಎಂದು ಹೇಳಿ

"ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ." ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹುಬ್ಬಳ್ಳಿ-ಧಾರವಾಡದ ಮಂದಿ ಇಂಥ ವಾಕ್ಯವನ್ನು ಎಷ್ಟು ಸಲ ಓದಿರುತ್ತಾರೋ, ಕೇಳಿರುತ್ತಾರೋ ಲೆಕ್ಕವಿಲ್ಲ. ಓದಿದವರು ಪುಟ ತಿರುಗಿಸುತ್ತಾರೆ, ಕೇಳಿದವರು ತಮ್ಮ ಕೆಲಸಕ್ಕೆ ಏಳುತ್ತಾರೆ. ಅವರನ್ನು ದೂರುವಂತಿಲ್ಲ. ಹವಾಮಾನ ಇಲಾಖೆಯ ಭೂಪಟದಲ್ಲಿ ಉತ್ತರ ಒಳನಾಡು ಬೀದರ್‌ನಿಂದ ಹಾವೇರಿಯವರೆಗೆ ಹಬ್ಬಿದೆ. ಕಲಬುರಗಿಯ ತೊಗರಿ ಹೊಲವೂ ಅದರೊಳಗೆ, ಅಳ್ನಾವರದ ಭತ್ತದ ಗದ್ದೆಯೂ ಅದರೊಳಗೆ. 'ಒಂದೆರಡು ಕಡೆ' ಎಂಬ ಮಾತಿಗೂ ಇಲಾಖೆಯಲ್ಲಿ ಖಚಿತವಾದ ಅರ್ಥವಿದೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನೂರಕ್ಕೆ 25ರಲ್ಲಿ ಮಳೆ ಬಿದ್ದೀತು ಎಂಬುದೇ ಆ ಅರ್ಥ. 26ರಿಂದ 50ರವರೆಗೆ 'ಕೆಲವು ಕಡೆ', 51ರಿಂದ 75ರವರೆಗೆ 'ಹಲವು ಕಡೆ', ಅದನ್ನು ದಾಟಿದರೆ 'ಬಹುತೇಕ ಎಲ್ಲ ಕಡೆ'. ಹೀಗೆ ಅಳೆದು ತೂಗಿ ಆರಿಸಿದ ಪದಗಳು ಓದುಗನ ಕೈಗೆ ಬರುವಷ್ಟರಲ್ಲಿ ಅಳತೆ ಕಳಚಿಕೊಂಡು ಬರೀ ಮಾತಾಗುತ್ತವೆ. ಮುನ್ಸೂಚನೆ ಸುಳ್ಳಾಗುತ್ತದೆ ಎಂಬುದು ಜನರ ದೂರು. ನನ್ನ ದೂರು ಬೇರೆ. ಬರುವ ಮಳೆ ಯಾವ ಬಗೆಯದು, ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಮುನ್ಸೂಚನೆ ಹೇಳುವುದೇ ಇಲ್ಲ. ಅದನ್ನು ಹೇಳದಿದ್ದರೆ ಆ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ. ಈ ಕೊರತೆ ಎಲ್ಲ ಊರುಗಳಲ್ಲೂ ಇದ್ದೀತು. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಅದು ನುಂಗಲಾರದಷ್ಟು ದೊಡ್ಡದು, ಏಕೆಂದರೆ ಮಳೆಯ ಸ್ವಭಾವ ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಬದಲಾಗುವ ಜಾಗಗಳು ನಾಡಿನಲ್ಲಿ ಹೆಚ್ಚಿಲ್ಲ.

ವಾಸ್ಕೋದಿಂದ ಹುಬ್ಬಳ್ಳಿ ದಾಟಿ ಗದಗಿಗೆ ಹೋಗುವ ರೈಲುಮಾರ್ಗವನ್ನು ನೆನೆಯಿರಿ. ಜುಲೈ ತಿಂಗಳಲ್ಲಿ ಆ ಹಳಿಯ ಗುಂಟ ಕಣ್ಣು ಹಾಯಿಸಿದರೆ ಒಂದು ಇಡೀ ಅಧ್ಯಾಯ ಓದಿದಂತೆ. ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ಪಡುವಣ ಗಾಳಿ ದೂಧಸಾಗರದ ಬಳಿ ಘಟ್ಟದ ಗೋಡೆಗೆ ಎದೆಯೊಡ್ಡುತ್ತದೆ. ಪಕ್ಕಕ್ಕೆ ಸರಿಯಲು ದಾರಿಯಿಲ್ಲ, ಮೇಲೇರಲೇಬೇಕು. ಏರಿದಂತೆ ಒತ್ತಡ ತಗ್ಗುತ್ತದೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣ್ಣಗಾಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ, ಮೋಡ ಕಟ್ಟತೊಡಗಿದ ಮೇಲೆ 6 ಡಿಗ್ರಿಯಷ್ಟು. ತಂಪಾದ ಗಾಳಿ ತನ್ನೊಳಗಿನ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಯುತ್ತದೆ. ಕ್ಯಾಸಲ್‌ರಾಕ್‌ನಲ್ಲಿ ಆಕಾಶವೇ ಹರಿದುಬಿದ್ದಂತೆ ಸುರಿಯುವ ಮಳೆ ಇದೇ. ಅಲ್ಲಿಂದ ಮುಂದೆ ಗಾಳಿ ಹಗುರವಾಗುತ್ತ, ಇಳಿಯುತ್ತ, ಬೆಚ್ಚಗಾಗುತ್ತ ಸಾಗುತ್ತದೆ. ಲೋಂಡಾದಲ್ಲಿ ದಟ್ಟ ಕಾಡು, ಅಳ್ನಾವರದಲ್ಲಿ ಗದ್ದೆ, ಧಾರವಾಡದಲ್ಲಿ ಮಾವಿನ ತೋಪು, ಹುಬ್ಬಳ್ಳಿ ದಾಟಿ ಅಣ್ಣಿಗೇರಿಗೆ ಬಂದರೆ ಕಣ್ಣು ಹರಿಯುವಷ್ಟು ದೂರ ಎರಿ ಹೊಲ. ಮುಂದೆ ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವುದೂ ಘಟ್ಟದಲ್ಲಿ ನೀರು ಇಳಿಸಿ ಬಂದ ಈ ಪಡುವಣ ಗಾಳಿಯೇ. ಬಿದ್ದ ನೀರು ಕೂಡ ಇಲ್ಲಿ ದಾರಿ ಕವಲೊಡೆಯುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಹರಿದು ಬೇಡ್ತಿಯೊಡನೆ ಅರಬ್ಬಿ ಸಮುದ್ರ ಸೇರಿದರೆ, ಮೂಡಣದ ಇಳಿಜಾರಿನಲ್ಲಿ ಬಿದ್ದದ್ದು ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆಯರ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹುಬ್ಬಳ್ಳಿ, ಧಾರವಾಡಗಳ ನಡುವಿನ ಅಂತರ 20 ಕಿಲೋಮೀಟರು. ಧಾರವಾಡ ಹುಬ್ಬಳ್ಳಿಗಿಂತ ತುಸು ಎತ್ತರದಲ್ಲಿದೆ, ಘಟ್ಟಕ್ಕೂ ಹೆಚ್ಚು ಹತ್ತಿರ. ಧಾರವಾಡಕ್ಕೆ ಮಳೆ ಹೆಚ್ಚು ಬೀಳುವ ತಿಂಗಳು ಜುಲೈ. ಅಲ್ಲಿಂದ ರೈಲಿನಲ್ಲಿ ಎರಡು ತಾಸಿನ ಹಾದಿಯ ಗದಗಿನಲ್ಲಿ ಸೆಪ್ಟೆಂಬರು. ವರ್ಷದ ದೊಡ್ಡ ಮಳೆಯ ತಿಂಗಳೇ ಬದಲಾಗುವ ಈ ಪಟ್ಟಿಗೆ ಒಂದೇ ವಾಕ್ಯದ ಮುನ್ಸೂಚನೆ ಹೊಂದುವುದಾದರೂ ಹೇಗೆ?

ಮುಂಗಾರಿನ ದೊಡ್ಡ ಮಳೆಯನ್ನೇ ಮೊದಲು ನೋಡೋಣ. ಒಡಿಶಾ ಕರಾವಳಿಯ ಬಳಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದು ಪಡುವಣ ಗಾಳಿಯನ್ನು ತನ್ನತ್ತ ಎಳೆಯುತ್ತದೆ. ಅದೇ ಹೊತ್ತಿಗೆ ಗುಜರಾತಿನಿಂದ ಕೇರಳದವರೆಗೆ ಕರಾವಳಿಯ ಗುಂಟ ಕಡಿಮೆ ಒತ್ತಡದ ಪಟ್ಟಿಯೊಂದು ಚಾಚಿಕೊಂಡಿದ್ದರೆ ಘಟ್ಟಕ್ಕೆ ಅಪ್ಪಳಿಸುವ ಗಾಳಿಯ ಬಿರುಸು ಹೆಚ್ಚುತ್ತದೆ, ಮಳೆ ಘಟ್ಟದಲ್ಲೇ ನಿಲ್ಲದೆ ಒಳನಾಡಿಗೂ ನುಗ್ಗುತ್ತದೆ. 2019ರ ಆಗಸ್ಟ್ ಮೊದಲ ಭಾಗದಲ್ಲಿ ಬೆಳಗಾವಿಯಿಂದ ಧಾರವಾಡದವರೆಗೆ ಮನೆ, ಹೊಲ, ಸೇತುವೆಗಳನ್ನು ಕಳಚಿಹಾಕಿ ಉಣಕಲ್ ಕೆರೆಯನ್ನು ಕೋಡಿ ಹರಿಸಿದ ಮಳೆ ಈ ಜಾತಿಯದು. ನೂರಾರು ಕಿಲೋಮೀಟರು ಹರಹಿನ, ಹಲವು ದಿನ ಬಾಳುವ ವ್ಯವಸ್ಥೆಗಳು ಇವು. ಅದಕ್ಕೇ ಇವುಗಳ ಬಗ್ಗೆ ಮೂರು ನಾಲ್ಕು ದಿನ ಮೊದಲೇ ಸಾಕಷ್ಟು ವಿಶ್ವಾಸದಿಂದ ಹೇಳಬಹುದು. ಮಳೆ ಬಿಡುವು ಕೊಡುವುದನ್ನೂ ಹಾಗೆಯೇ ಮೊದಲೇ ಕಾಣಬಹುದು. ಉತ್ತರ ಭಾರತದ ಮೇಲಿರುವ ಮುಂಗಾರಿನ ಇನ್ನೊಂದು ಕಡಿಮೆ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಹಿಮಾಲಯದ ಬುಡ ಸೇರಿದರೆ ನಮ್ಮ ಕಡೆ ಗಾಳಿ ಬೀಸುತ್ತಲೇ ಇರುತ್ತದೆ, ಮೋಡ ಓಡುತ್ತಲೇ ಇರುತ್ತದೆ, ಹನಿ ಮಾತ್ರ ಬೀಳುವುದಿಲ್ಲ. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಯಿತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸೋಯಾಬೀನು ಬಿತ್ತಿ ಕುಳಿತವನಿಗೆ "ಒಂದೆರಡು ಕಡೆ ಹಗುರ ಮಳೆ" ಎಂಬ ಮಾತಿನಿಂದ ಏನೂ ಉಪಯೋಗವಿಲ್ಲ. "ಮುಂಗಾರಿಗೆ ಬಿಡುವು ಬಿದ್ದಿದೆ, ಪಟ್ಟಿ ಹಿಮಾಲಯದ ಬುಡದಲ್ಲಿದೆ, ಅದು ದಕ್ಷಿಣಕ್ಕೆ ಮರಳುವವರೆಗೆ ಹದ ಮಳೆ ನಿರೀಕ್ಷಿಸಬೇಡಿ" ಎಂದರೆ ಆತ ಎಡೆ ಹೊಡೆದು ಇದ್ದ ಹಸಿಯನ್ನು ಕಾಯ್ದುಕೊಳ್ಳಬಲ್ಲ, ಮೇಲುಗೊಬ್ಬರವನ್ನು ತಡೆಹಿಡಿಯಬಲ್ಲ.

ಇನ್ನು ಧಾರವಾಡದ ಜಿಟಿಜಿಟಿ. ಇದನ್ನು ಮಳೆ ಎಂದು ಕರೆಯಲು ಬಯಲುಸೀಮೆಯವರು ಹಿಂದೆಮುಂದೆ ನೋಡುತ್ತಾರೆ, ಆದರೆ ಧಾರವಾಡದ ಮಣ್ಣು ಹಸಿಯಾಗಿರುವುದು ಬಹುಪಾಲು ಇದರಿಂದಲೇ. ಮೋಡದೊಳಗಿನ ಒಂದು ಹನಿಯ ಗಾತ್ರ ಮಿಲಿಮೀಟರಿನ ನೂರನೇ ಒಂದೆರಡು ಭಾಗ. ಅಂಥ ಹತ್ತು ಲಕ್ಷ ಕಣಗಳು ಕೂಡಿದರೆ ಒಂದು ದಪ್ಪ ಮಳೆಹನಿ. ಘಟ್ಟ ದಾಟಿ ಬಂದ ತಗ್ಗು ಮೋಡಗಳಲ್ಲಿ ಮೇಲಕ್ಕೆ ತಳ್ಳುವ ಬಲ ಕಡಿಮೆ. ಮೋಡದ ನೆತ್ತಿ ಹಿಮಗಟ್ಟುವ ಎತ್ತರ ಮುಟ್ಟುವುದೇ ಇಲ್ಲ. ಕಣಗಳು ಒಂದಕ್ಕೊಂದು ತಾಗಿ, ಕೂಡಿ, ಅರ್ಧ ಮಿಲಿಮೀಟರಿಗಿಂತ ಸಣ್ಣದಿರುವಾಗಲೇ ಉದುರಿಬಿಡುತ್ತವೆ. ಗುಡುಗಿಲ್ಲ, ಮಿಂಚಿಲ್ಲ, ಇಡೀ ದಿನ ಉದುರಿದರೂ ಮಳೆಮಾಪಕದಲ್ಲಿ ಕೆಲವೇ ಮಿಲಿಮೀಟರು. ಇಲ್ಲಿ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಪಣಜಿಯಲ್ಲಿ ಡಾಪ್ಲರ್ ರಾಡಾರ್ ಇದೆ. ಗೆರೆ ಎಳೆದರೆ ಧಾರವಾಡ ಅಲ್ಲಿಂದ ಸುಮಾರು 125 ಕಿಲೋಮೀಟರು. ರಾಡಾರಿನ ಕಿರಣ ನೆಲಕ್ಕಿಂತ ತುಸು ಮೇಲ್ಮುಖವಾಗಿ ಹೊರಡುತ್ತದೆ, ಭೂಮಿಯ ಮೈ ಬಾಗಿದೆ, ಆದ್ದರಿಂದ ನಮ್ಮ ನೆತ್ತಿಗೆ ಬರುವಷ್ಟರಲ್ಲಿ ಕಿರಣದ ನಡುಭಾಗ ಸಮುದ್ರಮಟ್ಟದಿಂದ ಎರಡು ಕಿಲೋಮೀಟರಿನಷ್ಟು ಮೇಲಿರುತ್ತದೆ. ನಡುವೆ ಘಟ್ಟದ ಸಾಲು ಬೇರೆ. ಸಿಡಿಲ ಮೋಡವಾದರೆ ಈ ಕಿರಣಕ್ಕೆ ಎದೆಮಟ್ಟದಲ್ಲೇ ಸಿಗುತ್ತದೆ. ಜಿಟಿಜಿಟಿಯ ತಗ್ಗು ಮೋಡ ಕಿರಣದ ಕೆಳಗೇ ನುಸುಳಿ ಹೋಗಬಹುದು. ರಾಡಾರ್ ಚಿತ್ರದಲ್ಲಿ ಧಾರವಾಡ ಒಣಗಿ ಕಂಡರೂ ಸಪ್ತಾಪುರದ ಬೀದಿಯಲ್ಲಿ ಛತ್ರಿಗಳು ಬಿಚ್ಚಿಕೊಂಡಿರುವುದು ಹೀಗೆ ಸಾಧ್ಯ. ಅದನ್ನು ಮುನ್ಸೂಚಕರ ಅಸಡ್ಡೆ ಎಂದು ಬಗೆಯುವುದು ತಪ್ಪು. ಉಪಕರಣದ ಕಣ್ಣು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಜನರಿಗೆ ತಿಳಿಸದೇ ಇದ್ದದ್ದು ಕೂಡ ತಪ್ಪೇ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಹುಟ್ಟು ಇದಕ್ಕೆ ತೀರ ಭಿನ್ನ. ಮಧ್ಯಾಹ್ನದ ಬಿಸಿಲಿಗೆ ಬಯಲು ಕಾದಿರುತ್ತದೆ. ಸಮುದ್ರದ ತೇವ ಒಳಗೆ ಸರಿಯುತ್ತದೆ, ಉತ್ತರದಿಂದ ಒಣ ಗಾಳಿ ಬರುತ್ತದೆ. ಎರಡೂ ಎದುರುಬದುರಾಗುವ ಗೆರೆ ಆ ದಿನಗಳಲ್ಲಿ ವಿದರ್ಭ, ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಹಾಯುತ್ತದೆ. ಗೆರೆಯ ಮೇಲಿನ ಗಾಳಿ ಕುದಿಯುವ ಎಸರಿನಂತೆ ಮೇಲಕ್ಕೆ ಉಕ್ಕಿ ಹತ್ತು ಹನ್ನೆರಡು ಕಿಲೋಮೀಟರು ಎತ್ತರದ ಮೋಡ ಕಟ್ಟುತ್ತದೆ. ಆ ಮೋಡದ ನೆತ್ತಿಯಲ್ಲಿ ಉಷ್ಣತೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ. ಮೇಲೇರುವ ಗಾಳಿ ಹಿಮದ ಹರಳನ್ನು ಕೆಳಗೆ ಬೀಳಗೊಡದೆ ಎತ್ತಿ ಹಿಡಿದಷ್ಟೂ ಅದರ ಮೈಗೆ ನೀರು ಹತ್ತಿ ಹೆಪ್ಪುಗಟ್ಟಿ ಆಣೆಕಲ್ಲು ಬೆಳೆಯುತ್ತದೆ. ಮಳೆ ಸುರಿಯತೊಡಗಿದಾಗ ಅದರ ಒಂದಷ್ಟು ಪಾಲು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ಆ ಭಾರವಾದ ತಂಪು ಗಾಳಿ ಕೆಳಗೆ ಬಿದ್ದು ನಾಲ್ಕೂ ಕಡೆ ಹರಡುತ್ತದೆ. ಮಳೆಗೆ ಮೊದಲು ಧೂಳೆಬ್ಬಿಸಿ, ತಗಡು ಹಾರಿಸಿ, ಕೆಲಗೇರಿಯ ತೋಟಗಳಲ್ಲಿ ಕೊಯ್ಲಿಗೆ ಬಂದ ಆಪೂಸು ಕಾಯಿಗಳನ್ನು ಉದುರಿಸುವುದು ಈ ಗಾಳಿ. ಇಂಥ ಒಂದು ಮೋಡದ ಅಗಲ ಕೆಲವು ಕಿಲೋಮೀಟರು, ಆಯುಷ್ಯ ಅರ್ಧ ತಾಸಿನಿಂದ ಒಂದು ತಾಸು. ಹಳೇ ಹುಬ್ಬಳ್ಳಿಯಲ್ಲಿ ಗಟಾರ ತುಂಬಿ ಹರಿದರೂ ವಿದ್ಯಾನಗರದಲ್ಲಿ ಧೂಳು ಅಡಗದಿರುವುದು ಇದೇ ಕಾರಣಕ್ಕೆ. ಇವತ್ತು ಸಂಜೆ ಜಿಲ್ಲೆಯ ಗಾಳಿ ಗುಡುಗಿಗೆ ಸಿದ್ಧವಾಗಿದೆ ಎಂದು ಬೆಳಿಗ್ಗೆ ಧೈರ್ಯವಾಗಿ ಹೇಳಬಹುದು. ಯಾವ ಊರಿನ ಮೇಲೆ ಮೋಡ ಒಡೆಯುತ್ತದೆ ಎಂಬುದನ್ನು ಮಾತ್ರ ಮೋಡ ಹುಟ್ಟಿದ ಮೇಲೆ, ರಾಡಾರ್ ನೋಡಿ, ಎರಡು ಮೂರು ತಾಸು ಮೊದಲಷ್ಟೇ ಹೇಳಲು ಸಾಧ್ಯ.

ಹಿಂಗಾರಿನ ಮಳೆಯ ಬೇರು ಬಂಗಾಳ ಕೊಲ್ಲಿಯಲ್ಲಿ. ಗಾಳಿ ಮೂಡಣಕ್ಕೆ ತಿರುಗುತ್ತದೆ, ಘಟ್ಟದ ಪಾತ್ರ ಮುಗಿಯುತ್ತದೆ, ಆಂಧ್ರದ ಕಡೆಯಿಂದ ಒಳಬರುವ ಚಂಡಮಾರುತದ ಬಾಲವೇ ಎರಿ ಹೊಲಕ್ಕೆ ಹಸಿ ಒದಗಿಸುತ್ತದೆ ಅಥವಾ ಕಣದಲ್ಲಿದ್ದ ಮೆಣಸಿನಕಾಯಿಯನ್ನು ಕೊಳೆಸುತ್ತದೆ. ಚಳಿಗಾಲಕ್ಕೆ ಬಂದರೆ ಮುನ್ಸೂಚನೆಯ ಬಾಯಿ ಕಟ್ಟಿಹೋಗುತ್ತದೆ: "ಒಣ ಹವೆ ಇರಲಿದೆ." ಆದರೆ ಇಲ್ಲಿನ ಒಕ್ಕಲುತನದಲ್ಲಿ ಒಣ ಹವೆ ಎಂಬುದು ಸುದ್ದಿಯಿಲ್ಲದ ಹವೆಯಲ್ಲ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಚೆಲ್ಲಿ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿ ತಣಿಯುತ್ತದೆ, ಅದರ ತೇವ ಎಲೆಯ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಇನ್ನೂ ತಣಿದರೆ ಕಾವಳವಾಗಿ ಕವಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಾವು ಹೂ ಬಿಟ್ಟಾಗ ಇಂಥ ಹವೆ ಬೂದಿ ರೋಗಕ್ಕೆ ಅನುಕೂಲ. ಗಾಳಿ ಮಂದ, ಆಕಾಶ ತಿಳಿ, ಗಾಳಿಯಲ್ಲಿ ತೇವ ಎಂಬ ಮೂರು ಗೊತ್ತಿದ್ದರೆ ನಾಳೆ ನಸುಕಿನ ಕಾವಳವನ್ನು ಇಂದು ಸಂಜೆಯೇ ಊಹಿಸಬಹುದು. ಇಡೀ ವರ್ಷದಲ್ಲಿ ಹೇಳಲು ಸುಲಭವಾದ ಮುನ್ಸೂಚನೆಗಳಲ್ಲಿ ಇದೊಂದು. ತೋಟದವರಿಗೆ ತಲುಪಬೇಕಾದ ರೀತಿಯಲ್ಲಿ ಇದು ತಲುಪುತ್ತಿಲ್ಲವೆಂಬುದು ನನ್ನ ಮಟ್ಟಿಗೆ ದುಃಖದ ಸಂಗತಿ.

ಹೀಗೆ ಮಳೆಯ ಜಾತಿ ಬೇರೆಯಾದಂತೆ ಅದರ ಬಗ್ಗೆ ಕೊಡಬಹುದಾದ ಮಾತಿನ ಬಲವೂ ಬೇರೆ. ಒಂದಕ್ಕೆ ನಾಲ್ಕು ದಿನದ ಮಾತು, ಇನ್ನೊಂದಕ್ಕೆ ಮೂರು ತಾಸಿನ ಮಾತು. ಎರಡನ್ನೂ ಒಂದೇ ದನಿಯಲ್ಲಿ 'ಸಾಧ್ಯತೆ ಇದೆ' ಎಂದರೆ ಒಳ್ಳೆಯ ಮುನ್ಸೂಚನೆಯ ಮಾನ ಕಷ್ಟದ ಮುನ್ಸೂಚನೆಯ ಸೋಲಿನಲ್ಲಿ ಕೊಚ್ಚಿಹೋಗುತ್ತದೆ. ಮೇ ತಿಂಗಳಲ್ಲಿ ಹತ್ತು ಸಲ ಸುಳ್ಳಾದದ್ದನ್ನು ನೋಡಿದವರು ಆಗಸ್ಟಿನಲ್ಲಿ ಕೆಂಪು ಎಚ್ಚರಿಕೆ ಬಂದಾಗಲೂ ಕೈ ಕೊಡವುತ್ತಾರೆ. ಆ ಎಚ್ಚರಿಕೆಯ ಹಿಂದೆ ಇರುವ ವಿಜ್ಞಾನ ಎಷ್ಟು ಗಟ್ಟಿ ಎಂದು ತಿಳಿಯಲು ಅವರ ಬಳಿ ಯಾವ ದಾರಿಯೂ ಇಲ್ಲ. ಸೆಪ್ಟೆಂಬರಿನ ಒಂದು ದಿನಕ್ಕೆ ನನಗೆ ಬೇಕಾದ ಮುನ್ಸೂಚನೆ ಹೀಗಿರಬೇಕು: "ಗಾಳಿ ಪಡುವಣದಿಂದ ದುರ್ಬಲವಾಗಿದೆ, ಮಧ್ಯಾಹ್ನದ ನಂತರ ಸ್ಥಳೀಯವಾಗಿ ಗುಡುಗಿನ ಮೋಡ ಕಟ್ಟಲಿದೆ. ನವಲಗುಂದ, ಅಣ್ಣಿಗೇರಿ ಕಡೆ ಸಾಧ್ಯತೆ ಹೆಚ್ಚು, ಕಲಘಟಗಿ, ಅಳ್ನಾವರದಲ್ಲಿ ಕಡಿಮೆ. ಬಿದ್ದ ಕಡೆ ಬಿರುಸಾಗಿ ಬೀಳುತ್ತದೆ, ಪಕ್ಕದೂರಿಗೆ ಬೀಳದೇ ಇರಬಹುದು. ಹೆಸರು ರಾಶಿ ಇದ್ದವರು ಮಧ್ಯಾಹ್ನದೊಳಗೆ ಮುಚ್ಚಿಡಿ." ನಾಲ್ಕು ಸಾಲು. ಪತ್ರಿಕೆಯಲ್ಲಿ ರಾಶಿಫಲಕ್ಕೆ ಕೊಡುವ ಜಾಗದ ಕಾಲುಭಾಗವೂ ಬೇಡ.

ಇದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ಹಳ್ಳಿಗಳದೇ. ನಮಗೆ ಮಳೆನಕ್ಷತ್ರಗಳಿವೆ, ಇಲಾಖೆ ಏನು ಹೇಳುವುದು ಎನ್ನುತ್ತಾರೆ. ಆ ಜ್ಞಾನವನ್ನು ನಾನು ಹಗುರವಾಗಿ ಕಾಣುವವನಲ್ಲ. ಸೂರ್ಯ ಒಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಆ ಅಳತೆಗೋಲಿಗೆ ಬಿತ್ತನೆ, ಎಡೆ, ಕೊಯ್ಲು ಎಲ್ಲವನ್ನೂ ಕಟ್ಟಿಹಾಕಿದ್ದು ತಲೆಮಾರುಗಳ ಗಮನಿಕೆ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಎಂಬ ಗಾದೆಯಲ್ಲಿ ಮೇ ಕೊನೆಯ ವಾರದ ಹದ ಮಳೆಗೂ ಮುಂದಿನ ಬೆಳೆಗೂ ಇರುವ ಸಂಬಂಧ ಅಡಗಿದೆ. ಆದರೆ ಅದು ಹೇಳುವುದು ಆ ಹದಿನೈದು ದಿನಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು. ಈ ವರ್ಷ, ಈ ಗುರುವಾರ ಏನಾಗುತ್ತದೆ ಎಂಬುದನ್ನಲ್ಲ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ವಾಡಿಕೆಗಿಂತ ಎಂಟು ದಿನ ಮೊದಲು. ನಕ್ಷತ್ರದ ಪಟ್ಟಿಗೆ ಅದು ಮೊದಲೇ ಗೊತ್ತಾಗುವಂತಿರಲಿಲ್ಲ. ಇನ್ನೊಂದು ಸೂಕ್ಷ್ಮವಿದೆ. ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ಲೆಕ್ಕದ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಹೆಚ್ಚುಕಡಿಮೆ ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಮಳೆನಕ್ಷತ್ರ ಋತುವಿನಿಂದ ಹಿಂದೆ ಬೀಳುತ್ತಲೇ ಇದೆ. ಗಾದೆ ಮುನ್ನೂರು ವರ್ಷ ಹಳೆಯದಾದರೆ ಅದರ ಮೊದಲ ರೋಹಿಣಿ ಇಂದಿನದಕ್ಕಿಂತ ನಾಲ್ಕು ದಿನ ಮೊದಲು ಹುಟ್ಟುತ್ತಿತ್ತು. ಗಾದೆ ಕಟ್ಟಿದವರು ಆಕಾಶ ನೋಡಿ ಕಟ್ಟಿದರು. ಅವರ ಗೌರವಕ್ಕಾದರೂ ನಾವು ಮತ್ತೆ ಆಕಾಶವನ್ನೇ ನೋಡಬೇಕು.

ಎರಡನೆಯ ಆಕ್ಷೇಪ ನಗರದವರದು: ಫೋನಿನಲ್ಲಿ ಎಲ್ಲ ಇದೆ, ತಾಸಿಗೊಂದು ಚಿತ್ರ ಬರುತ್ತದೆ, ಪತ್ರಿಕೆಯ ನಾಲ್ಕು ಸಾಲು ಯಾಕೆ? ಫೋನಿನ ಚಿತ್ರಗಳ ಹಿಂದೆ ಇರುವುದು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಮಾದರಿಗಳು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಅಭಿವೃದ್ಧಿಪಡಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಾಗ ಚೌಕದ ಬದಿ 12 ಕಿಲೋಮೀಟರಿನಿಂದ 6 ಕಿಲೋಮೀಟರಿಗೆ ಇಳಿಯಿತು. ಇದು ದೊಡ್ಡ ಹೆಜ್ಜೆ. ಹಿಂದೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎರಡು ಚೌಕ ಎಣಿಸಿದರೆ ಮುಗಿಯುತ್ತಿತ್ತು, ಈಗ ಮೂರು ನಾಲ್ಕು. ಆದರೂ ಒಂದು ಗುಡುಗಿನ ಮೋಡ ಒಂದು ಚೌಕದೊಳಗೇ ಹುಟ್ಟಿ ಸಾಯಬಲ್ಲದು. ಫೋನಿನ ಪರದೆ ಮಾತ್ರ ಸಂಜೆ 4 ಗಂಟೆಗೆ ನವನಗರದಲ್ಲಿ ಮಳೆ ಎಂದು ಅಂಜಿಕೆಯಿಲ್ಲದೆ ತೋರಿಸುತ್ತದೆ, ಜಿಟಿಜಿಟಿಗೂ ಸಿಡಿಲ ಮಳೆಗೂ ಹೆಚ್ಚುಕಡಿಮೆ ಅದೇ ಮೋಡದ ಗುರುತು ಹಾಕುತ್ತದೆ. ಲೆಕ್ಕದ ಫಲವನ್ನು ಈ ನೆಲದ ಏರಿಳಿತ ಬಲ್ಲ ಮನುಷ್ಯನೊಬ್ಬ ಓದಿ, ಇವತ್ತು ಇದನ್ನು ನಂಬಿ, ಇದನ್ನು ಅಷ್ಟಾಗಿ ನಂಬಬೇಡಿ ಎಂದು ಹೇಳುವ ಕೆಲಸ ಉಳಿದೇ ಇದೆ. ಸಿಡಿಲಿನ ಬಗ್ಗೆ ಎಚ್ಚರಿಸುವ ದಾಮಿನಿ, ರಾಜ್ಯದ್ದೇ ಆದ ಸಿಡಿಲು, ರೈತರಿಗಾಗಿ ಮೇಘದೂತ ಎಂಬ ಆ್ಯಪ್‌ಗಳು ಒಳ್ಳೆಯ ಕೆಲಸ ಮಾಡುತ್ತಿವೆ. ಅವು ಏಕೆ ಹಾಗೆ ಹೇಳುತ್ತಿವೆ ಎಂದು ವಿವರಿಸುವವರು ಬೇಕು.

ಅಂಥವರು ಇಲ್ಲಿಲ್ಲವೇ? ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಹವಾಮಾನ ಘಟಕವಿದೆ, ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರೈತರಿಗೆ ಸಲಹೆ ಹೊರಡಿಸುವುದು ಇಂಥ ಘಟಕಗಳ ಕ್ರಮ. 1950ರಿಂದ ಮಾತಾಡುತ್ತಿರುವ ಧಾರವಾಡ ಆಕಾಶವಾಣಿ ಇದೆ. ಆದರೆ ದೇಶದಲ್ಲಿ ಜಿಲ್ಲಾ ಮಟ್ಟಕ್ಕೆ ಇಳಿದಿದ್ದ 199 ಕೃಷಿ ಹವಾಮಾನ ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಲಾಯಿತು. ಉಳಿದ 130 ಘಟಕಗಳ ಮೇಲೆ ಹೊರೆ ಬಿತ್ತು. ಮಾಹಿತಿ ಈಗ ಯಂತ್ರದಿಂದಲೇ ಬರುತ್ತದೆ, ಜಿಲ್ಲೆಗೊಬ್ಬ ತಜ್ಞ ಯಾಕೆ ಎಂಬ ವಾದ ಅದರ ಹಿಂದಿತ್ತು. ಅದು ನನಗೆ ಒಪ್ಪಿಗೆಯಾಗದ ವಾದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಡಾರು, ಸೂಪರ್‌ಕಂಪ್ಯೂಟರುಗಳ ಬಲ ಹೆಚ್ಚಿಸಲು 2,000 ಕೋಟಿ ರೂಪಾಯಿಯ ಮಿಷನ್ ಮೌಸಮ್‌ಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಆ ಹಣದಲ್ಲಿ ಬೆಳೆಯುವ ಲೆಕ್ಕಾಚಾರ ಕಲಘಟಗಿಯ ಗದ್ದೆಗೆ ಬೇರೆ, ನವಲಗುಂದದ ಎರಿ ಹೊಲಕ್ಕೆ ಬೇರೆ ಅರ್ಥ ಕೊಡುತ್ತದೆ. ಆ ಅರ್ಥವನ್ನು ಬಿಡಿಸುವವನ ಸಂಬಳ ಉಳಿಸಿ ಗಳಿಸುವುದು ಏನು?

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. ಸಾಧ್ಯತೆಯ ಪ್ರಮಾಣ, ನೂರಕ್ಕೆ ಮೂವತ್ತು, ಅರವತ್ತು ಎಂಬ ಮಾತು ಸಾಮಾನ್ಯ ಜನರಿಗೆ ತಿಳಿಯದು, ಗೊಂದಲವಾಗುತ್ತದೆ, ಅನುಮಾನವನ್ನು ಬಾಯಿಬಿಟ್ಟು ಹೇಳಿದರೆ ಇದ್ದ ನಂಬಿಕೆಯೂ ಹೋಗುತ್ತದೆ ಎನ್ನುವವರಿದ್ದಾರೆ. ಇದು ಈ ಭಾಗದ ಮಾತಿನ ರೂಢಿಯನ್ನು ಮರೆತ ವಾದ. ಮುಂಬೈ ಪ್ರಾಂತದ ಕಂದಾಯ ಪದ್ಧತಿಯಲ್ಲಿ ಬೆಳೆಯನ್ನು ಆಣೆವಾರಿಯಲ್ಲಿ ಅಳೆಯುತ್ತಿದ್ದರು. ಹದಿನಾರಾಣೆ ಎಂದರೆ ಪೂರ್ತಿ ಬೆಳೆ, ನಾಲ್ಕಾಣೆ ಎಂದರೆ ಬರ. ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾದರೂ "ಈ ವರ್ಷ ಆರಾಣೆ ಬೆಳಿ" ಎಂಬ ಮಾತು ಹೋಗಿಲ್ಲ. ಪೂರ್ಣದಲ್ಲಿ ಎಷ್ಟು ಪಾಲು ಎಂದು ಅಳೆದು ಮಾತಾಡುವುದು ಧಾರವಾಡ ಸೀಮೆಯ ಒಕ್ಕಲಿಗನಿಗೆ ಹೊಸದಲ್ಲ. "ಇವತ್ತು ಗುಡುಗಿನ ಮಳಿ ನಾಲ್ಕಾಣೆ, ನಾಳೆ ಹನ್ನೆರಡಾಣೆ" ಎಂದರೆ ಬೆಣಚಿಯಿಂದ ಅಣ್ಣಿಗೇರಿಯವರೆಗೆ ಯಾರೂ ಅರ್ಥ ಕೇಳಲಿಕ್ಕಿಲ್ಲ. ನಾಲ್ಕಾಣೆ ಎಂದ ದಿನ ಮಳೆ ಬಂದರೂ ಅದು ಸುಳ್ಳಲ್ಲ, ಬರದಿದ್ದರೂ ಸುಳ್ಳಲ್ಲ. ನಾಲ್ಕಾಣೆ ಎಂದು ಹೇಳಿದ ದಿನಗಳಲ್ಲಿ ನಾಲ್ಕರಲ್ಲಿ ಒಂದು ದಿನ ಮಳೆಯಾಗಿದ್ದರೆ ಆ ಮುನ್ಸೂಚಕ ಪ್ರಾಮಾಣಿಕ.

ಹಾಗಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ? ಇಲ್ಲಿ ಕರ್ನಾಟಕ ಬೇರೆ ರಾಜ್ಯಗಳಿಗಿಂತ ಮುಂದಿದೆ. 1988ರಲ್ಲಿ ಬರದ ಉಸ್ತುವಾರಿಗೆಂದು ಆರಂಭವಾಗಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅವು ಲೆಕ್ಕ ಕಳಿಸುತ್ತವೆ. ನಿನ್ನೆ ಯಾವ ಪಂಚಾಯಿತಿಯಲ್ಲಿ ಎಷ್ಟು ಬಿತ್ತು ಎಂಬುದು ಸರ್ಕಾರಕ್ಕೆ ಗೊತ್ತಿದೆ. ನಿನ್ನೆ ಏನು ಮುನ್ಸೂಚನೆ ಕೊಡಲಾಗಿತ್ತು ಎಂಬುದೂ ಕಡತದಲ್ಲಿದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ದಿನವೂ ಪ್ರಕಟಿಸಬೇಕು ಎಂಬುದೇ ನನ್ನ ಬೇಡಿಕೆ. 'ಹೇಳಿದ್ದು, ಬಿದ್ದದ್ದು' ಎಂಬ ಎರಡು ಕಲಂ. ಜಿಲ್ಲೆಯ ಎಲ್ಲ ಹೋಬಳಿಗಳ ಹೆಸರು, ಯಾವ ಜಾತಿಯ ಮಳೆ ಎಂದು ಹೇಳಿದ್ದೆವು, ಎಷ್ಟು ಆಣೆ ಎಂದಿದ್ದೆವು, ಎಷ್ಟು ಮಿಲಿಮೀಟರು ಬಿತ್ತು. ಸೋಲು ಕಣ್ಣಿಗೆ ಬಿದ್ದರೆ ಅಧಿಕಾರಿಗಳಿಗೆ ಮುಜುಗರವಾದೀತು ಎಂಬ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಇವತ್ತು ಅವರ ಗೆಲುವೂ ಯಾರ ಕಣ್ಣಿಗೂ ಬೀಳುತ್ತಿಲ್ಲ. ಜನರ ನೆನಪಿನಲ್ಲಿ ಉಳಿಯುವುದು ಸೋಲು ಮಾತ್ರ. ಒಂದು ಮುಂಗಾರು ಕಳೆಯುವಷ್ಟರಲ್ಲಿ ಓದುಗರಿಗೇ ಗೊತ್ತಾಗುತ್ತದೆ, ದೊಡ್ಡ ಮಳೆಯ ಎಚ್ಚರಿಕೆ ಎಷ್ಟು ಗಟ್ಟಿ, ಅಡ್ಡಮಳೆಯ ಮಾತು ಎಷ್ಟು ಸಡಿಲ ಎಂಬುದು. ಮಳೆಯ ವಿಜ್ಞಾನವನ್ನು ಶಾಲೆಯ ಪಾಠಕ್ಕಿಂತ ಚೆನ್ನಾಗಿ ಆ ಪಟ್ಟಿ ಕಲಿಸಬಲ್ಲದು.

ಈ ಲೆಕ್ಕಕ್ಕೆ ಇನ್ನೂ ಒಂದು ಬೆಲೆ ಇದೆ, ಅದು ಜೀವದ ಬೆಲೆ. ಬೆಣ್ಣೆಹಳ್ಳ ಶಿಗ್ಗಾವಿ, ಕುಂದಗೋಳದ ಕಡೆಯಿಂದ ನೀರು ಕೂಡಿಸಿಕೊಂಡು ಹುಬ್ಬಳ್ಳಿ ತಾಲ್ಲೂಕು ಹಾದು ನವಲಗುಂದದ ಎರಿ ಬಯಲಿಗೆ ಇಳಿಯುತ್ತದೆ. ಅಲ್ಲಿ ನೆಲ ಮಟ್ಟಸ, ದಂಡೆ ತಗ್ಗು, ಎರಿ ಮಣ್ಣು ಒಮ್ಮೆ ನೆನೆದರೆ ನೀರು ಇಂಗಿಸಿಕೊಳ್ಳುವುದು ನಿಧಾನ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಬಿದ್ದರೆ ಸುಮಾರು ನಾಲ್ಕು ಸಾವಿರ ಲೀಟರು. ಮೇಲಿನ ಹೋಬಳಿಗಳಲ್ಲಿ ರಾತ್ರಿ 80 ಮಿಲಿಮೀಟರು ಸುರಿದರೆ ಅದು ಎಷ್ಟು ನೀರಾಗಿ ಕೆಳಗೆ ಬರುತ್ತದೆಂದು ಯಾರಾದರೂ ಲೆಕ್ಕ ಹಾಕಬಹುದು. ನವಲಗುಂದ ತಾಲ್ಲೂಕಿಗೆ 'ಹಗುರ ಮಳೆ' ಎಂದು ಕೊಟ್ಟ ಮುನ್ಸೂಚನೆ ಅಕ್ಷರಶಃ ನಿಜವಾಗಿ, ಯಮನೂರಿನ ದಂಡೆಯಲ್ಲಿ ಬಿಸಿಲು ಬಿದ್ದಿರುವಾಗಲೇ ಹೊಲದೊಳಗೆ ಕೆಂಪು ನೀರು ನುಗ್ಗಬಹುದು. ಆ ದಂಡೆಯ ಮೇಲೆ ಎತ್ತು ಕಟ್ಟಿಕೊಂಡು ಮಲಗಿದವನಿಗೆ ತನ್ನ ನೆತ್ತಿಯ ಆಕಾಶದ ಸುದ್ದಿ ಸಾಲದು. ಕುಂದಗೋಳದ ಮಾಪಕಗಳಲ್ಲಿ ಹಿಂದಿನ ರಾತ್ರಿ ಎಷ್ಟು ಕೂಡಿತು, ಆ ಮೋಡ ನಿಂತು ಸುರಿಯುವ ಜಾತಿಯದೋ ಹಾದುಹೋಗುವ ಜಾತಿಯದೋ, ನೀರು ತನ್ನ ಊರಿಗೆ ಯಾವ ಹೊತ್ತಿಗೆ ಮುಟ್ಟೀತು ಎಂಬುದು ಬೇಕು. ಮಾಪಕ ಲೆಕ್ಕ ಕಳಿಸಿದ ಗಳಿಗೆಗೂ ಹಳ್ಳ ದಂಡೆ ಮೀರುವ ಗಳಿಗೆಗೂ ನಡುವೆ ಕೆಲವು ತಾಸುಗಳಿರುತ್ತವೆ. ಎತ್ತುಗಳ ಹಗ್ಗ ಬಿಚ್ಚಲು ಅಷ್ಟು ಸಾಕು.